ನಮೂನೆ ಹದಿನೇಳು

ಬಣ್ಣವನ್ನು ಮೊದಲು ಬರೆದುಕೊಳ್ಳಬೇಕು.
ಸ್ಪಿರಿಟ್ಟಿಗೆ ಬಿದ್ದ ಮೇಲೆ ಎಲ್ಲವೂ ಒಂದೇ,
ಬೆಂದ ಅಕ್ಕಿಯ ಬಿಳುಪು.
ಹಾಗಾಗಿ, ಇನ್ನೂ ಮೀಸೆ ಆಡಿಸುತ್ತಿರುವಾಗಲೇ:
ಮೈ ಗಾಜು. ಒಳಗೆ ತಿಂದದ್ದು ಕಾಣುತ್ತದೆ, ಪಾಚಿಯ ಒಂದೆಳೆ.
ಚಿಪ್ಪಿನ ಮೇಲೆ ಮೂರು ಓರೆಗೆರೆ, ಚಾ ಸೋಸಿದ ಬಟ್ಟೆಯ ಕಂದು.
ಕಾಲಿನ ಗಂಟುಗಂಟಿಗೂ ಕಿತ್ತಳೆ ಚುಕ್ಕೆ.

ತಂದವನು ಮಾಜಿದ್, ವಯಸ್ಸು ಒಂಬತ್ತು,
ಲಬನ್ ಕುಡಿದು ತೊಳೆದ ಬಾಟ್ಲಿಯಲ್ಲಿ.
ರುಸ್ತಾಕಿನಾಚೆ ಬೆಟ್ಟದ ಬುಡದ ಫಲಜಿನಲ್ಲಿ ಸಿಕ್ಕಿದ್ದು.
ಖರ್ಜೂರದ ಬುಡಕ್ಕೆ ಗಳಿಗೆ ಅಳೆದು ನೀರು ಬಿಡುವ ಕಾಲುವೆ ಅದು;
ಲೆಕ್ಕ ಇಡುವವರು ಅವನಜ್ಜ ಖಲ್ಫಾನ್.
'ಇದಕ್ಕೆ ನಿಮ್ಮಲ್ಲಿ ಏನನ್ನುತ್ತೀರಿ?'
ಕೇಳಿದೆ, ನನ್ನ ಮುರುಕು ಅರಬಿಯಲ್ಲಿ.
ಮುದುಕರು ಗಡ್ಡ ನೀವಿದರು.
'ರುಬಿಯಾನ್ ಅಂದರೆ ಕಡಲಿನದು. ಇದು ಇಲ್ಲಿಯದು.
ಕರೆದರೆ ಬರುವುದಿಲ್ಲ. ಹೆಸರು ಯಾಕೆ?'

ಗಂಗೊಳ್ಳಿಯಲ್ಲಾದರೆ ಬಾಯಿಗೊಂದು ಹೆಸರು,
ಚಟ್ಲಿ, ಎಟ್ಟಿ, ಸುಂಗಟ,
ದರ ಏರಿದ ದಿನ ಇನ್ನೊಂದು.
ಐಸ್ ಶೆಡ್ಡಿನಲ್ಲಿ ಸಿಪ್ಪೆ ಬಿಡಿಸುತ್ತಿದ್ದ ದುಗ್ಗಮ್ಮ ಚಿಕ್ಕಿ
ಕರೆಂಟು ಹೋದರೂ ಕೈ ನಿಲ್ಲಿಸುತ್ತಿರಲಿಲ್ಲ,
ಕತ್ತಲಲ್ಲೇ ಬೇರೆ ಬೇರೆ ಬುಟ್ಟಿಗೆ ಹಾಕುತ್ತಿದ್ದಳು,
ಬೆರಳಿಗೆ ಚುಚ್ಚಿದ ರೀತಿಯಿಂದ.
'ಮುಳ್ಳು ಸುಳ್ಳು ಹೇಳುದಿಲ್ಲ, ಹೆಣೆ.'

ಈಗ ಆ ಮುಳ್ಳು ಮಸೂರದ ಕೆಳಗೆ.
ಹಣೆಯಿಂದ ಹೊರಟ ಗರಗಸ, ತುದಿ ತುಸು ಮೇಲಕ್ಕೆ.
ಮೇಲೆ ಹನ್ನೊಂದು ಹಲ್ಲು, ಕೆಳಗೆ ಮೂರು;
ಮೇಲಿನವುಗಳಲ್ಲಿ ನಾಲ್ಕು ಕಣ್ಣಗುಳಿಯ ಹಿಂದೆ.
ಮತ್ತೆ ಎಣಿಸಿದೆ. ಹನ್ನೊಂದೇ.
ಎರಡನೇ ಜೋಡಿ ಕಾಲು ಮೈಗಿಂತ ಉದ್ದ,
ಮಣಿಕಟ್ಟು ಅಂಗೈಯನ್ನು ಮೀರಿದ್ದು.
ಹೊಟ್ಟೆಯ ತಗಡುಗಳು ಕಡಲ ಸೀಗಡಿಗೆ ಹೆಂಚಿನ ಸಾಲು,
ಒಂದರ ಅಂಚು ಮುಂದಿನದರ ಮೇಲೆ;
ಇದರ ಎರಡನೆಯದು ಹಾಗಲ್ಲ,
ಅತ್ತ ಇತ್ತ ಇಬ್ಬರ ಹೆಗಲಿಗೂ ಕೈ ಹಾಕಿ
ಫೋಟೋಕ್ಕೆ ನಿಂತವನ ಹಾಗೆ.
ಸಿಹಿನೀರಿನ ಪೈಕಿ, ಅಷ್ಟು ಖಾತ್ರಿ.

ಆಮೇಲೆ ಗುರುತಿನ ಪುಸ್ತಕ.
ಹೌದಾದರೆ ಇಪ್ಪತ್ತಮೂರಕ್ಕೆ ಹೋಗಿ,
ಅಲ್ಲವಾದರೆ ಮೂವತ್ತೊಂದಕ್ಕೆ.
ವೀಸಾ ಸ್ಟ್ಯಾಂಪಿಂಗಿನ ದಿನ ನೆನಪಾಯಿತು,
ಕೌಂಟರಿನಿಂದ ಕೌಂಟರಿಗೆ, ಕೈಯಲ್ಲಿ ಚೀಟಿ.
ಮೂವತ್ತೊಂದು ಮತ್ತೆ ಇಪ್ಪತ್ತಮೂರಕ್ಕೆ ಕಳಿಸಿತು.

ಡಾಕ್ಟರ್ ಇದ್ರೀಸ್ ಕೋಟು ಕಳಚುತ್ತ ಹೇಳಿದರು,
'ಯಾರೋ ಹೊರಗಿನಿಂದ ತಂದು ಬಿಟ್ಟದ್ದಿರಬೇಕು.'
ಇಲ್ಲಿ ಯಾವುದನ್ನು ಕಂಡರೂ ಮೊದಲ ಅನುಮಾನ ಅದೇ.
ಖಾರ್ತೂಮಿನವರು ಅವರು. ತಾವೇ ನಕ್ಕರು.

ಮಗುಚಿ ನೋಡಿದೆ. ಹೆಣ್ಣು.
ಈಜುಗಾಲುಗಳ ನಡುವೆ ಮೊಟ್ಟೆ.
ಹೊಳೆಯಿಂದ ಅಳಿವೆಗೆ ಇಳಿದು ಉಪ್ಪಿನಲ್ಲಿ ಮರಿ ಬಿಡುವ ಜಾತಿಗೆ
ರಾಗಿಗಿಂತ ಸಣ್ಣವು, ಸಾವಿರಗಟ್ಟಲೆ;
ಕಡಲಿಗೆ ಕೊಟ್ಟು ಉಳಿದದ್ದು ತನ್ನದು ಎಂಬ ಲೆಕ್ಕ.
ಇದರಲ್ಲಿ ಮೂವತ್ತನಾಲ್ಕು.
ಒಂದೊಂದೂ ತೊಗರಿಬೇಳೆಯ ಅರ್ಧದಷ್ಟು,
ಒಂದೊಂದರಲ್ಲೂ ಎರಡು ಕಪ್ಪು ಚುಕ್ಕೆ, ಕಣ್ಣು.
ಕಡಲಿಗೆ ಹೋಗುವ ಉದ್ದೇಶವೇ ಇಲ್ಲ.
ಈ ವಾದಿ ಕಡಲು ಮುಟ್ಟುವುದು
ದೊಡ್ಡ ಮಳೆಯ ವರ್ಷ, ಒಂದೆರಡು ದಿನ.
ಅಷ್ಟನ್ನು ನಂಬಿ ಕೂರುವುದು ಬಿಟ್ಟು
ಯಾವ ಕಾಲವಾಯಿತೋ.
ಪುಸ್ತಕ ಮುಚ್ಚಿದೆ. ಅದರಲ್ಲಿ ಇವಳಿರಲಿಲ್ಲ.

ಐಸ್ ನೀರಿಗೆ ಹಾಕಿದೆ, ಮೀಸೆ ನಿಲ್ಲುವ ತನಕ ಕಾದೆ.
ಆಮೇಲೆ ಸ್ಪಿರಿಟ್ಟು.
ಕಿತ್ತಳೆ ಮೊದಲು ಹೋಯಿತು. ಕಂದು ಆಮೇಲೆ.

ಮುಂದಿನ ಗುರುವಾರ ಮಾಜಿದ್ ಬಂದ, ಬಾಟ್ಲಿ ವಾಪಸು ಕೇಳಲು.
ಸೀಸೆಯ ಮೇಲಿನ ಚೀಟಿ ತೋರಿಸಿದೆ.
ಸ್ಥಳ. ತಾರೀಖು. ನೀರಿನ ಬಿಸಿ ಇಪ್ಪತ್ತೊಂಬತ್ತು.
ಜಾತಿ ಎಂಬಲ್ಲಿ ಒಂದು ಅಡ್ಡಗೆರೆ.
ಹಿಡಿದವರು: ಮಾಜಿದ್ ಬಿನ್ ಸುಲೈಮ್ ಬಿನ್ ಖಲ್ಫಾನ್.
ಬೆರಳಿಟ್ಟು ಬಲದಿಂದ ಎಡಕ್ಕೆ ಓದಿದ, ಮುಖ ಬಿರಿಯಿತು,
ತಟ್ಟನೆ ಗಂಟಿಕ್ಕಿತು.
ಅಜ್ಜನ ಹೆಸರಿನಲ್ಲಿ ಒಂದು ಅಲಿಫ್ ಬಿಟ್ಟಿದ್ದೇನಂತೆ.
ಪೆನ್ನು ಕೊಟ್ಟೆ. ನಾಲಿಗೆ ಕಚ್ಚಿಕೊಂಡು,
ನೆಟ್ಟಗೆ, ಮುಳ್ಳಿನ ಹಾಗೆ,
ಒಂದು ಗೀಟು ಎಳೆದ.