ನೋಡತಕ್ಕ ಸ್ಥಳಗಳು

ದಿಂಬದ ಇಪ್ಪತ್ತೇಳನೇ ತಿರುವು ದಾಟಿದ ಮೇಲೆ
ಗಾಳಿಗೆ ಬೇರೆ ರುಚಿ.
ಅಲ್ಲೇ ರಸ್ತೆಯ ಬದಿಗೆ, ಎರಡು ಕಬ್ಬಿಣದ ಕಾಲಿನ ಮೇಲೆ
ಆರಡಿಗೆ ನಾಲ್ಕಡಿ ತಗಡು ನಿಲ್ಲಿಸಿ
'ನಾಳೆ ಸಂಜೆಯೊಳಗೆ ಮುಗಿಸು' ಅಂತ
ಜೀಪು ಹತ್ತಿದರು ಇಳಂಗೋ ಸಾರ್.

ಕೆಂಪು ಪ್ರೈಮರ್ ಒಂದು ಕೋಟು, ನೀಲಿ ಎರಡು.
ಒಣಗುವ ತನಕ ಚೀಟಿ ಬಿಚ್ಚಿ ಓದಿದೆ:
ಮೋಡ ಮುಟ್ಟುವ ಕಲ್ಲು, ನಾಲ್ಕು ಕಿಲೋಮೀಟರು.
ಅಬ್ಬಿ, ಏಳು.
(ದೀಪಾವಳಿ ಕಳೆದರೆ ನೀರಿಲ್ಲ, ಅದು ಚೀಟಿಯಲ್ಲಿಲ್ಲ.)
ಆನೆಗಳ ಕೆರೆ, ಒಂಬತ್ತು,
ಐದು ಗಂಟೆಯ ಮೇಲೆ ಗಾಡಿಯಿಂದ ಇಳಿಯಕೂಡದು.
ವೀರಗಲ್ಲಿನ ಗುಡಿ, ಎರಡು.
ಪುರಾತನ ಗ್ರಾಮ ಬೆಳ್ಳದೊಡ್ಡಿ, ಹನ್ನೊಂದು.
ತಮಿಳು ಒಂದು ಸಾಲು, ಇಂಗ್ಲಿಷು ಒಂದು ಸಾಲು,
ತುದಿಗೊಂದು ಬಿಳಿ ಬಾಣ.

ಸಾಲು ಸೊಟ್ಟಗಾಗದ ಹಾಗೆ ಬರೆಯುವುದು ನನ್ನ ಕಸುಬು.
ಓದಿದವರು ಎಲ್ಲಿಗೆ ಹೋಗುತ್ತಾರೋ ನನಗೇಕೆ.
ಆದರೂ ದೊಡ್ಡಿಯ ಹತ್ತಿರ ಕುಂಚ ನಿಂತಿತು.
ತಮಿಳಿನಲ್ಲಿ ತ-ಗೂ ದ-ಗೂ ಒಂದೇ ಅಕ್ಷರ;
ದನ ಕೂಡುತ್ತಿದ್ದ ದೊಡ್ಡಿ
ಕಣ್ಣೆದುರೇ ನೀರಿನ ತೊಟ್ಟಿಯಾಯಿತು.
ಗುಡಿ ಬರೆದೆ. ದೂರ ನಿಂತು ಓದಿದರೆ
'ಕುಡಿ' ಅನ್ನುತ್ತಿದೆ ಬೋರ್ಡು.
ಟಯರು ಬದಲಿಸುತ್ತಿದ್ದ ಲಾರಿ ಕ್ಲೀನರ್ ನಕ್ಕ, ನಾನೂ ನಕ್ಕೆ.
ಅಕ್ಷರದ್ದೇನು ತಪ್ಪು?
ಅವರ ಮನೆಯ ಬಾಗಿಲು ಅವರ ಎತ್ತರಕ್ಕೆ;
ನೆಂಟರು ಸ್ವಲ್ಪ ಬಗ್ಗಬೇಕು.

ನೆಲ್ಲಿಕಾಯಿ ಮಾರುವ ಕೇತಮ್ಮ ಬಂದು
ನೀಲಿ ಬಣ್ಣಕ್ಕೆ ಬೆರಳು ತಾಕಿಸಿ, ಸೀರೆಗೆ ಒರೆಸಿಕೊಂಡು
'ಯಾವ್ಯಾವೂರ ಹೆಸ್ರು ಬರ್ದಿದ್ದಯಪ್ಪ?'
ಓದಿ ಹೇಳಿದೆ.
ಒಂದೊಂದಕ್ಕೂ ಒಂದು ಬೆರಳು ಮಡಿಸಿದಳು.
ಐದು ಮಡಿಸಿ, ಮುಷ್ಟಿ ಬಿಚ್ಚದೆ,
'ಸಾಲುಗೇರಿ ಇಲ್ವಲ್ಲ?'

ಸಾಲುಗೇರಿ.
ಕೇಳಿದ್ದೆ, ಕಂಡಿರಲಿಲ್ಲ.
ಅವರನ್ನೆಲ್ಲ ಕಾಡಿನಿಂದ ಕೆಳಗಿಳಿಸಿದ ವರ್ಷ
ನಾನಿನ್ನೂ ತೊಟ್ಟಿಲಲ್ಲಿದ್ದೆ.
ಎದುರುಬದುರು ಹದಿನೆಂಟು ಮನೆ,
ಇಡೀ ಊರಿಗೆ ಒಂದೇ ರಾಗಿಕಲ್ಲು,
ಯಾರ ಸರದಿಯೋ ಅವರಿಗೆ ಆ ರಾತ್ರಿ ನಿದ್ದೆಯಿಲ್ಲ.
ಲಾರಿಗೆ ಹೇರಲು ನಾಲ್ಕು ಜನ ಎತ್ತಿದರಂತೆ,
ಏಳಲಿಲ್ಲವಂತೆ.
'ಈಗ್ಲೂ ಅಲ್ಲೇ ಅದೆ ಕನಪ್ಪ.
ಕಡವೆ ಬಂದು ನೆಕ್ಕೋಯ್ತದಂತೆ,
ಉಪ್ಪಿದ್ದದೇನೋ ಅಂತ.'

'ಎಷ್ಟು ಕಿಲೋಮೀಟರವ್ವ?' ಎಂದೆ.
ಅಂಕಿಯಿಲ್ಲದೆ ಬಾಣ ಬರೆಯಲಾಗದಲ್ಲ.
ಅವಳು ಮರಗಳತ್ತ ನೋಡಿದಳು,
ಮನಸ್ಸಿನಲ್ಲೇ ನಡೆದು ಬಂದಳು, ಸ್ವಲ್ಪ ತಡವಾಯಿತು.
'ಎರಡು ಎಲೆಯಡಕೆ ದೂರ.
ಸೊಂಟದ ಮ್ಯಾಲೆ ಮಗ ಇದ್ರೆ ಮೂರು.'

ತಗಡಿನ ತಳಕ್ಕೆ ಮೂರು ಬೆರಳಗಲ ಜಾಗ ಉಳಿದಿತ್ತು.
ಯಾವ ಅಕ್ಷರದಲ್ಲಿ ಬರೆಯಲಿ?
ಅವಳಿಗೆ ಯಾವುದೂ ಬಾರದು.
ತಾಳವಾಡಿ ಶಾಲೆಯ ಸ್ಲೇಟಿನಲ್ಲಿ ತಿದ್ದಿದ ಕನ್ನಡ
ಕೈಗೆ ತಾನೇ ಬಂತು: ಸಾಲುಗೇರಿ.
ಕೊನೆಯ ರಿ-ಯ ಗುಡಿಸನ್ನು
ಕಾಡಿನ ಕಡೆಗೆ ಒಂದಿಷ್ಟು ಹೆಚ್ಚೇ ಎಳೆದೆ.

ಮಾರನೆಯ ದಿನ ಇಳಂಗೋ ಸಾರ್
ಮೂಲೆಗೆ ಬಗ್ಗಿ ಕೇಳಿದರು:
'ಇದೇನಪ್ಪ, ನಿನ್ನ ಹೆಸರಾ?'
ಪೇಂಟರ್‌ಗಳು ಕೆಳಗೆ ಸಹಿ ಹಾಕುವುದು ವಾಡಿಕೆ.
'ಹೌದು ಸಾರ್' ಎಂದೆ.
'ಇನ್ನೂ ಸಣ್ಣದಾಗಿ ಬರೆಯಬಹುದಿತ್ತು' ಅಂತ
ಉಳಿದ ದುಡ್ಡು ಎಣಿಸಿ ಕೊಟ್ಟರು.

ಈಗ ಭಾನುವಾರ ಕಾರುಗಳು ನಿಲ್ಲುತ್ತವೆ,
ಬೋರ್ಡಿನ ಮುಂದೆ ಫೋಟೋ, ಆಮೇಲೆ ಅಬ್ಬಿಯ ದಾರಿ.
ಕೇತಮ್ಮ ಆ ಮೂಲೆಯ ಕೆಳಗೇ ಬುಟ್ಟಿ ಇಡುತ್ತಾಳೆ.
ಅದ್ಯಾವೂರು ಅಂತ ಇದುವರೆಗೆ ಯಾರೂ ಕೇಳಿಲ್ಲ.
ನೆಲ್ಲಿಕಾಯಿ ಕಚ್ಚಿ ಮುಖ ಕಿವಿಚಿದವರಿಗೆ ಮಾತ್ರ
'ತಡೀರಿ, ಒಂದು ಗುಟುಕು ನೀರು ಕುಡೀರಿ' ಅನ್ನುತ್ತಾಳೆ.