ಸೊನ್ನೆಯ ನಿಲುವು

ಚಲನೆ ಅಳೆಯಲು ಮೊದಲು ಒಂದು ಸೊನ್ನೆ ಬೇಕು:
ನೆಟ್ಟಗೆ ನಿಲ್ಲು, ಕೈ ಇಳಿಬಿಡು, ಅಂಗೈ ಮುಂದಕ್ಕೆ.
"ಹಿಂಗ ನಿಂತ್ರ ಬೇಡಿದಂಗ ಆಗ್ತದ್ರಿ" ಅಂದ
ಕಲಬುರಗಿ ಗಂಜಿನ ಹಮಾಲಿ ಸೈದಪ್ಪ,
ಅಂಗೈ ಹೊರಳಿಸಿ ತೊಡೆಗೆ ಅಂಟಿಸಿದ.

ಎರಡೂ ತೋಳು ಪಕ್ಕಕ್ಕೆ ಎತ್ತಿಸಿದೆ;
ತೊಂಬತ್ತಕ್ಕೆ ನಿಂತವು.
ಕೋನಮಾಪಕದ ಕಡ್ಡಿಗೆ ತೊಗರಿ ಧೂಳು.

ಗುರುತ್ವ ಕೇಂದ್ರ ಅಂದರೆ, ಎಂದು ಶುರುಮಾಡಿದ್ದೆ ಅಷ್ಟೆ,
ಹೊಕ್ಕಳ ಕೆಳಗೆ ನಾಲ್ಕು ಬೆರಳಿಟ್ಟ:
"ಚೀಲ ಬೆನ್ನಿಗೇರಿತಂದ್ರ ಇದು ಮ್ಯಾಲ, ಹಿಂದ ಸರೀತದ.
ಬಾಗಿ ಮತ್ತ ಪಾದದ ನಡಕ ತರ್ತೀನಿ.
ತಪ್ಪಿದ್ರ ಹಲಗಿ ಮ್ಯಾಗಿಂದ ಲಾರಿ ಬುಡಕ."

ಬರೆದುಕೊಂಡೆ.
ತೊಂಬತ್ತರ ಆಚೆ ಏನು ಬೇಕಪ್ಪ ನಿನಗೆ?

"ಮಾಡದಾಗ ರೇಡಿಯೋ ಅದರಿ.
ಎರಡು ತಿಂಗಳಾತು,
ಒಂದೇ ಸ್ಟೇಷನ್ ಕೇಳ್ಲಾಕತ್ತೀನಿ."