ಎಣಿಕೆ ತಪ್ಪು

ಮಂಗಳೂರಿನಲ್ಲಿ ಕಾಯುವ ಹಡಗಿಗೆ ಮುನ್ನೂರಿಪ್ಪತ್ತು ಚೀಲ.
ಒಂದು ಕಂಟೇನರ್, ಒಂದೇ ದರ್ಜೆಯ ರೋಬಸ್ಟಾ,
ಶುಕ್ರವಾರದೊಳಗೆ.

ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನ ಮಹಡಿಯಲ್ಲಿ ಕೂತು
'ಲಭ್ಯತೆ' ಎಂಬ ಗುಂಡಿ ಒತ್ತುತ್ತೇನೆ.
ಕೆಳಗೆ ಸಿಪ್ಪೆ ಸುಲಿಯುವ ಯಂತ್ರ
ಮೇಜನ್ನು ನಡುಗಿಸುತ್ತದೆ,
ಲೋಟದ ಚಹಾದಲ್ಲಿ ಸಣ್ಣ ಸಣ್ಣ ಉಂಗುರ.
(ಹೌದು, ಇಲ್ಲಿ ನಾವು ಚಹಾ ಕುಡಿಯುತ್ತೇವೆ.)

ಪರದೆಯ ಮೇಲೆ ನಾಲ್ಕು ಸಾಲು:
ಕೂಡ್ಲೂರು ನೂರ ನಲವತ್ತು
ಸುಂಟಿಕೊಪ್ಪ ತೊಂಬತ್ತಾರು
ಸಿದ್ದಾಪುರ ಅರವತ್ತೊಂದು
ಗೋಣಿಕೊಪ್ಪ ಇಪ್ಪತ್ತಮೂರು.
ಕೂಡಿದರೆ ಮುನ್ನೂರಿಪ್ಪತ್ತು. ಹಸಿರು ಚುಕ್ಕೆ.

ಹನ್ನೊಂದು ವರ್ಷ ಇದನ್ನೇ ಮಾಡಿದ್ದೇನೆ.
ಲೆಕ್ಕ ಇಷ್ಟು ಚೊಕ್ಕವಾಗಿ ಕೂಡಿದ ದಿನ
ಫೋನು ಎತ್ತಿಕೊಳ್ಳಬೇಕು.

ಗಿಲ್ಬರ್ಟ್ ಹೇಳಿದ:
"ತೊಂಬತ್ತಾರೂ ಬೆಳಗ್ಗೆಯೇ ಹೊರಟಿತಲ್ಲ ಮೇಡಂ,
ಆನೆಕಾಡಲ್ಲಿ ನಿಂತಿದೆಯಂತೆ ಲಾರಿ.
ರಸ್ತೆ ನಡುವೆ ತಾಯಿ, ಮರಿ.
ಇನ್ನೊಂದರದ್ದು ಬಾಲ ಮಾತ್ರ ಕಾಣ್ತದಂತೆ."
ಅಲ್ಲಿ ಕಳೆಯದೆ ಇಲ್ಲಿ ಕೂಡದೆ
ಬಿದಿರುಮೆಳೆಯ ಪಕ್ಕ ಇಂಜಿನ್ ಆರಿಸಿಕೊಂಡು
ಯಾವ ಗೋದಾಮಿನದೂ ಅಲ್ಲದ ತೊಂಬತ್ತಾರು ಚೀಲ.
ಸಾಲನ್ನು ಒತ್ತಿ ಹಿಡಿದರೆ ಸಣ್ಣ ಅಕ್ಷರದಲ್ಲಿ ಬರುತ್ತದೆ:
'ಸಾಗಣೆಯಲ್ಲಿದೆ.'
ನಿಂತ ಲಾರಿಗೆ ಅದು ದೊಡ್ಡ ಮಾತು.

ಗೋಣಿಕೊಪ್ಪದ ಚೋಂದಮ್ಮ
ಪ್ರತಿ ಚೀಲವನ್ನೂ ತಟ್ಟಿ ಎಣಿಸುವವರು.
"ಇಪ್ಪತ್ತಮೂರು ಉಂಟು.
ನಾಲ್ಕನ್ನು ಮಾತ್ರ ಗೋಡೆಯಿಂದ ಈಚೆ ಎಳೆಸಿದ್ದೇನೆ.
ಶೀಟಿನಲ್ಲಿ ಮೊಳೆಯ ತೂತು. ಒಳಗೆ ಕೈ ಹಾಕಿದೆ,
ತಣ್ಣಗಿತ್ತು."
ಮಾಪಕ ಆಮೇಲೆ ಹೇಳಿತು, ತೇವಾಂಶ ಹದಿನಾಲ್ಕು.
ಇರುವುದು ಬೇರೆ, ಕೊಡಬಹುದಾದ್ದು ಬೇರೆ:
ಎರಡಕ್ಕೂ ನಮ್ಮ ತಂತ್ರಾಂಶದಲ್ಲಿ ಪ್ರತ್ಯೇಕ ಕಾಲಂ ಉಂಟು.
ಒಂದು ಮೊಳೆ ಎರಡರ ನಡುವೆ ಬಿದ್ದದ್ದು
ಅದಕ್ಕೆ ಗೊತ್ತಾಗಲಿಲ್ಲ, ಅಷ್ಟೆ.

ನಾಲ್ಕು ಚೀಲ ಕಡಿಮೆ.
ಚುಕ್ಕೆ ಇನ್ನೂ ಹಸಿರು.

ಸಿದ್ದಾಪುರಕ್ಕೆ ಮಾಡಿದಾಗ ಮೊಯ್ದು
ಸ್ವಲ್ಪ ಹೊತ್ತು ಸುಮ್ಮನಿದ್ದರು.
"ನಿಮ್ಮ ಸ್ಕ್ರೀನಲ್ಲಿ ಎಷ್ಟು?"
ಅರವತ್ತೊಂದು.
"ಹಾಗಾದರೆ ಅರವತ್ತೊಂದೇ."
ಮತ್ತೆ ಮೌನ.
"ಕಣ್ಣಲ್ಲಿ ನೋಡಿದರೆ ಅರವತ್ತೆಂಟು."

ಚೋಮಿ ಗುಡಿಸಿದ್ದು.
ಹಮಾಲರ ಕೊಕ್ಕೆ ತಾಗಿ ಸೋರಿದ್ದು,
ಹೊಲಿಗೆ ಬಿಚ್ಚಿ ಚೆಲ್ಲಿದ್ದು,
ತಕ್ಕಡಿಯ ಕೆಳಗೆ ಉರುಳಿ ಹೋದದ್ದು.
ಜನವರಿಯಿಂದ ದಿನಾ ಸಂಜೆ ಬಾಚಿ
ಜರಡಿ ಹಿಡಿದು, ಮೊರದಲ್ಲಿ ಕೇರಿ,
ಕಪ್ಪು ಕಾಳು ಆಯ್ದು ಬಿಸಾಡಿ,
ಹಳೆಯ ಗೋಣಿಯಲ್ಲಿ ತುಂಬಿ ಹೊಲಿದಿಟ್ಟ ಏಳು ಚೀಲ.
ಅದೇ ದರ್ಜೆ, ಬೇಕಾದರೆ ಪರೀಕ್ಷಿಸಿ ಎಂದರು.

ಅಂದರೆ ಈ ಋತುವಿನಲ್ಲಿ ದಾಟಿಹೋದ ಸಾವಿರಾರು ಚೀಲ
ಒಂದೊಂದು ಹಿಡಿ ಹಗುರಾಗಿಯೇ ಹೋಗಿದ್ದವು,
ಮತ್ತು ನಾನು ಒಂದೊಂದಕ್ಕೂ
ಅರವತ್ತು ಕಿಲೋ ಎಂದು ಬರೆದಿದ್ದೆ.

ದಾಸ್ತಾನು ತಿದ್ದುಪಡಿ. ಸಿದ್ದಾಪುರ. ಕೂಡಿಸು: ನಾಲ್ಕು.
'ಕಾರಣ' ಕಡ್ಡಾಯ.
ಪಟ್ಟಿ ಇಳಿಯಿತು:
ಹಾನಿ. ಕಳವು. ವಾಪಸಾತಿ. ಎಣಿಕೆ ತಪ್ಪು.
ಮೇಲೆ ಕೆಳಗೆ ಎರಡು ಸಲ ನೋಡಿದೆ.
ಪೊರಕೆ ಎಂಬುದು ಎಲ್ಲಿಯೂ ಇರಲಿಲ್ಲ.
ದಿನಕ್ಕೆ ಒಂದು ತಾಸು ಹೆಚ್ಚು ಬಗ್ಗಿದ ಬೆನ್ನಿಗೆ
ಯಾವ ಕೋಡ್ ಹಾಕಲಿ?
ಇದ್ದುದರಲ್ಲಿ ಕಡಿಮೆ ಸುಳ್ಳಾದದ್ದನ್ನು ಆರಿಸಿದೆ.
ತಪ್ಪು ಎಣಿಸಿದ್ದು ನಾವೇ ತಾನೆ.

ನಾಲ್ಕೂಮುಕ್ಕಾಲಿಗೆ ಗಿಲ್ಬರ್ಟನ ಸಂದೇಶ:
ದಾರಿ ಬಿಟ್ಟವು, ಲಾರಿ ಹೊರಟಿತು.
ಚಹಾ ಆರಿತ್ತು. ಉಂಗುರಗಳು ಹಾಗೇ ಇದ್ದವು.

ಮೊಯ್ದುವಿಗೆ ಮತ್ತೆ ಫೋನು ಮಾಡಿದೆ.
ನಾಲ್ಕು ಚೀಲ ಕಳಿಸಿ, ಹೊಸ ಗೋಣಿಗೆ ಬದಲಾಯಿಸಿ,
ಚೋಮಿಗೆ ಹೆಚ್ಚಿನ ಹೊತ್ತಿನ ಕೂಲಿ ಬರೆದು ಕಳಿಸಿ,
ಸಹಿ ನಾನು ಹಾಕಿಸುತ್ತೇನೆ.
ಆಯ್ತು, ಎಂದರು.
ಮತ್ತೆ ಮಿಕ್ಕ ಮೂರು?

ಆ ಕಡೆ ಸಿಮೆಂಟು ನೆಲದ ಮೇಲೆ
ಯಾರೋ ಗುಡಿಸುತ್ತಿದ್ದರು.

"ಯಾವ ಮೂರು, ಮೇಡಂ?"